ಸೈಲೆನ್ಸರ್‌ಗೆ ಅಡಗದ ಸದ್ದು

ಒಂದೇ ರೈಫಲ್, ಒಂದೇ ಸಪ್ರೆಸರ್ (ಅಂದರೆ ಸೈಲೆನ್ಸರ್), ಎರಡು ಬಗೆಯ ತೋಟಾ. ಸಪ್ರೆಸರ್‌ನ ಗುಣದೋಷಗಳನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದಿಲ್ಲ. ಅಮೆರಿಕದಲ್ಲಿ 2011ರಲ್ಲಿ ಮಾನ್ಯತೆ ಪಡೆದ .300 ಬ್ಲ್ಯಾಕೌಟ್ ತೋಟಾ ಆ ಅವಕಾಶ ಕೊಡುತ್ತದೆ. ಅದರ ಹಗುರ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 670 ಮೀಟರ್ ಆಸುಪಾಸು. ಭಾರದ ಗುಂಡಿನ ತೂಕ ಸುಮಾರು 14 ಗ್ರಾಂ, ವೇಗ 310 ಮೀಟರ್ ಆಸುಪಾಸು. ಮೊದಲನೆಯದು ಶಬ್ದದ ವೇಗವನ್ನು ಮೀರುವ ಸೂಪರ್‌ಸಾನಿಕ್, ಎರಡನೆಯದು ಅದರ ಕೆಳಗೇ ಉಳಿಯುವ ಸಬ್‌ಸಾನಿಕ್. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಸಪ್ರೆಸರನ್ನು ‘ಎಷ್ಟು ನಿಶ್ಶಬ್ದ’ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವುದು ಎಂಥ ತಪ್ಪು ಎಂಬುದು ಗೊತ್ತಾಗುತ್ತದೆ.

ಸಪ್ರೆಸರ್‌ನ ಕೆಲಸ ಸರಳ. ಗುಂಡಿನ ಬೆನ್ನಿಗೇ ನುಗ್ಗಿ ಬರುವ ಬಿಸಿ ಅನಿಲವನ್ನು ಕೊಳವೆಯೊಳಗಿನ ತಡೆಗಳ ನಡುವೆ ಸುತ್ತಾಡಿಸಿ, ತಣಿಸಿ, ಒತ್ತಡ ಇಳಿಸಿ ಹೊರಗೆ ಬಿಡುವುದು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಪೇಟೆಂಟ್ ಪಡೆದ ಸೈಲೆನ್ಸರ್‌ನ ಈ ಮೂಲತತ್ವವೇ ಇಂದಿಗೂ ನಡೆದುಬಂದಿದೆ. ಆದರೆ ಈಡಿನ ಸದ್ದಿಗೆ ಇನ್ನೊಂದು ಮೂಲವಿದೆ. ಶಬ್ದವನ್ನು ಹಿಂದಿಕ್ಕಿ ಹಾರುವ ಗುಂಡು ದಾರಿಯುದ್ದಕ್ಕೂ ಗಾಳಿಯಲ್ಲಿ ಆಘಾತದ ಅಲೆ ಎಬ್ಬಿಸುತ್ತಾ ಹೋಗುತ್ತದೆ. ಬಾರುಕೋಲು ಬೀಸಿದಾಗ ಅದರ ತುದಿ ಚಟೀರೆನ್ನುವುದೂ ಇದೇ ಕಾರಣಕ್ಕೆ. ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ 1887ರಲ್ಲೇ ಈ ಅಲೆಯ ಛಾಯಾಚಿತ್ರಗಳನ್ನು ಪ್ರಕಟಿಸಿದ್ದ. ನಳಿಗೆ ದಾಟಿ ಹೋದ ಗುಂಡಿನ ಮೇಲೆ ನಳಿಗೆಯ ತುದಿಗೆ ಕಟ್ಟಿದ ಕೊಳವೆಗೆ ಯಾವ ಹಿಡಿತವೂ ಇರಲು ಸಾಧ್ಯವಿಲ್ಲ.

ಸಬ್‌ಸಾನಿಕ್ ಗುಂಡಿಗೆ ಈ ಎರಡನೆಯ ಸದ್ದೇ ಇಲ್ಲ. ಹಾಗಾಗಿ ಇಲ್ಲಿ ಸಪ್ರೆಸರ್ ತನ್ನ ಹೆಸರು ಉಳಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಬಳಸಿದ ಡಿ ಲೈಲ್ ಕಾರ್ಬೈನ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಲೀ-ಎನ್‌ಫೀಲ್ಡ್ ರೈಫಲ್‌ನ ಬೋಲ್ಟ್‌ಗೆ .45 ಪಿಸ್ತೂಲಿನ ನಿಧಾನಗತಿಯ ತೋಟಾ ಹೊಂದಿಸಿ, ನಳಿಗೆಯನ್ನು ದಪ್ಪ ಸಪ್ರೆಸರ್‌ನೊಳಗೇ ಅಡಗಿಸಿದ್ದರು. ಬೋಲ್ಟನ್ನು ಕೈಯಿಂದಲೇ ಎಳೆಯಬೇಕಾದ್ದರಿಂದ ಈಡಿನ ಹೊತ್ತಿಗೆ ಬಿಡಿಭಾಗಗಳ ಖಟಖಟವೂ ಇರುತ್ತಿರಲಿಲ್ಲ.

ಈ ಮೌನಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು. ಬ್ಲ್ಯಾಕೌಟ್‌ನ ಭಾರದ ಗುಂಡು ಹೊತ್ತೊಯ್ಯುವ ಶಕ್ತಿ ಸುಮಾರು 670 ಜೂಲ್. ಹಗುರ ಗುಂಡಿನದು 1,800 ಜೂಲ್. ಸೆಕೆಂಡಿಗೆ 300 ಮೀಟರ್ ವೇಗದ ಗುಂಡು 100 ಮೀಟರ್ ಹೋಗುವಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಕೆಳಗೆ ಜಗ್ಗುತ್ತದೆ, 200 ಮೀಟರಿಗೆ ಎರಡು ಮೀಟರಿಗೂ ಹೆಚ್ಚು. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ಹೋಯಿತು. ಬೇಟೆಗಾರನ ಮಟ್ಟಿಗೆ ಇದು ಬರೀ ಗುರಿಯ ಪ್ರಶ್ನೆಯಲ್ಲ. ವೇಗದ ಹೊಡೆತಕ್ಕೆ ಅರಳುವಂತೆ ಮಾಡಿದ ಗುಂಡು ನಿಧಾನವಾಗಿ ಹೋದರೆ ಅರಳದೆ ಸಣ್ಣ ತೂತು ಮಾಡಿ ಹೊರಬೀಳಬಹುದು. ಆಗ ಪ್ರಾಣಿ ಕೂಡಲೇ ಸಾಯದೆ ಗಾಯದೊಂದಿಗೆ ಓಡಿ ಎಲ್ಲೋ ನರಳುತ್ತದೆ. ಸದ್ದು ಕಡಿಮೆಯಾಯಿತೆಂದು ಈ ಕ್ರೌರ್ಯವನ್ನು ಒಪ್ಪಲಾಗದು.

ಹವೆಯ ಲೆಕ್ಕವೂ ಇದೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದರೆ, ಮೈನಸ್ 20ರಲ್ಲಿ 319ಕ್ಕೆ ಇಳಿಯುತ್ತದೆ. 330 ಮೀಟರ್ ವೇಗದ ತೋಟಾ ಫಿನ್‌ಲ್ಯಾಂಡಿನ ಬೇಸಿಗೆಯಲ್ಲಿ ಸಬ್‌ಸಾನಿಕ್, ಅಲ್ಲಿನ ಚಳಿಗಾಲದಲ್ಲಿ ಅಲ್ಲ.

ಇನ್ನು ಸೂಪರ್‌ಸಾನಿಕ್. ಸಪ್ರೆಸರ್ ಇಲ್ಲದ ದೊಡ್ಡ ರೈಫಲ್‌ನ ಸದ್ದು 165 ಡೆಸಿಬೆಲ್ ಆಸುಪಾಸಿನದು. ಒಳ್ಳೆಯ ಸಪ್ರೆಸರ್ ಅದರಿಂದ 30ರಷ್ಟು ಇಳಿಸಬಲ್ಲದು. ಕೇಳಲು ಅಲ್ಪವೆನಿಸಿದರೂ ಧ್ವನಿಯ ಒತ್ತಡ ಮೂವತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಕಿವಿಗೆ ಒಮ್ಮೆಗೇ ಶಾಶ್ವತ ಪೆಟ್ಟಾಗಬಹುದೆಂದು ಗುರುತಿಸಿರುವ ಗಡಿ 140 ಡೆಸಿಬೆಲ್. ಅಂದರೆ ಸಪ್ರೆಸರ್ ಅಪಾಯದ ಗೆರೆಯ ಆಚೆಗಿದ್ದುದನ್ನು ಈಚೆಗೆ ಎಳೆದು ತರುತ್ತದೆ. ಗುಂಡಿನ ಚಟೀರ್ ಮಾತ್ರ ಹಾಗೇ ಉಳಿಯುತ್ತದೆ. ಅದು ಮುಂದಕ್ಕೆ, ಓರೆಯಾಗಿ ಹರಡುವುದರಿಂದ ಬಯಲಿನಲ್ಲಿ ನಿಂತು ಹೊಡೆದವನಿಗೆ ಅಷ್ಟಾಗಿ ಕೇಳಿಸದು. ಮರ, ಗೋಡೆಗಳಿದ್ದರೆ ಮರಳಿ ಬಂದು ಅಪ್ಪಳಿಸುತ್ತದೆ. ಗುರಿಯ ಕಡೆ ಇರುವವರಿಗಂತೂ ಚಟೀರ್ ಕೇಳಿಸುತ್ತದೆ, ಅದರ ಹಿಂದೆ ಬರಬೇಕಾದ ನಳಿಗೆಯ ಢಂಕಾರ ಅಡಗಿರುತ್ತದೆ. ಹೊಡೆದದ್ದು ಎಲ್ಲಿಂದ ಎಂಬ ಸುಳಿವು ತಪ್ಪುತ್ತದೆ. ಅಮೆರಿಕದ ಮೆರೀನ್ ಪಡೆ 2020ರ ಕೊನೆಯಿಂದ ಪದಾತಿ ಸೈನಿಕರಿಗೆ ದೊಡ್ಡ ಪ್ರಮಾಣದಲ್ಲಿ ಸಪ್ರೆಸರ್ ಕೊಡಲು ತೊಡಗಿದ್ದು ನಿಶ್ಶಬ್ದದ ಆಸೆಯಿಂದಲ್ಲ. ಗುಂಡಿನ ನಡುವೆ ನಾಯಕನ ಕೂಗು ಕೇಳಿಸಬೇಕು ಎಂಬುದು ಅದರ ಒಂದು ಮುಖ್ಯ ಉದ್ದೇಶ.

ದೋಷಗಳು ಇಲ್ಲದಿಲ್ಲ. ಸ್ವಯಂಚಾಲಿತ ರೈಫಲ್‌ಗಳಲ್ಲಿ ತಡೆದ ಅನಿಲ ಹಿಮ್ಮೆಟ್ಟಿ ಹೊಡೆಯುವವನ ಮುಖಕ್ಕೇ ರಾಚುತ್ತದೆ. ನಳಿಗೆಯ ತುದಿಗೆ ತೂಕ, ಉದ್ದ ಎರಡೂ ಸೇರುತ್ತವೆ. ಕೊಳವೆಯೊಳಗೆ ಆಮ್ಲಜನಕ ಇರುವುದರಿಂದ ಮೊದಲ ಈಡು ನಂತರದವುಗಳಿಗಿಂತ ಜೋರಾಗಿರುತ್ತದೆ. ಜಾಹೀರಾತಿನಲ್ಲಿ ಅಚ್ಚಾಗುವ ಒಂಟಿ ಡೆಸಿಬೆಲ್ ಅಂಕಿ ಇದಾವುದನ್ನೂ ಹೇಳುವುದಿಲ್ಲ. ಯಾವ ತೋಟಾ, ಮೈಕ್ ನಳಿಗೆಯ ಬಳಿ ಇತ್ತೋ ಕಿವಿಯ ಬಳಿಯೋ, ಎಷ್ಟನೆಯ ಈಡು ಎಂಬುದನ್ನು ತಿಳಿಸದ ಅಂಕಿಯನ್ನು ನಂಬಬಾರದು.

ನನ್ನ ತೀರ್ಮಾನ ಇದು. ಸಬ್‌ಸಾನಿಕ್ ಮೌನ ಹತ್ತಿರದ ಗುರಿಗೆ, ಅದಕ್ಕೆಂದೇ ಮಾಡಿದ ಗುಂಡಿಗೆ ಮೀಸಲಾದ ವಿಶೇಷ ಸಾಧನ. ಸಪ್ರೆಸರ್‌ನ ನಿಜವಾದ ಸಾರ್ಥಕತೆ ಇರುವುದು ಸದ್ದನ್ನು ಪೂರ್ತಿ ಅಡಗಿಸಲಾರದ ಸೂಪರ್‌ಸಾನಿಕ್‌ನಲ್ಲೇ. ಅಲ್ಲಿ ಅದು ಗುಂಡಿನ ಕಸುವನ್ನು ಕಸಿಯದೆ ಹೊಡೆಯುವವನ ಮತ್ತು ಪಕ್ಕದಲ್ಲಿ ನಿಂತವನ ಕಿವಿಗೆ ಆಗುವ ಹಾನಿಯನ್ನು ತಗ್ಗಿಸುತ್ತದೆ. ಹಾಗೆಂದು ಇಯರ್‌ಮಫ್ ಕಳಚಿಡುವುದು ತರವಲ್ಲ. 140ರ ಕೆಳಗಿನ ಈಡುಗಳೂ ಮತ್ತೆ ಮತ್ತೆ ಬಿದ್ದರೆ ಕಿವಿಯನ್ನು ಸವೆಸುತ್ತವೆ.