ಪ್ರಬಂಧದ ಮೂರು ಅಂಗಗಳು

6ರಿಂದ 8ನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಬರೆಯಬೇಕಾದ ಕನ್ನಡ ಪ್ರಬಂಧಕ್ಕೆ ಪೀಠಿಕೆ, ವಿಷಯನಿರೂಪಣೆ, ಉಪಸಂಹಾರವೆಂಬ ಮೂರು ಅಂಗಗಳುಂಟು. ಈ ಕ್ರಮವು ತಪ್ಪಲ್ಲ. ಹನ್ನೆರಡು ವರ್ಷದ ಬಾಲಕನಿಗೆ ಊರುಗೋಲು ಬೇಕು. ಆದರೆ ಊರುಗೋಲನ್ನೇ ನಡಿಗೆಯೆಂದು ಎಣಿಸಿದಂತಾಗಿದೆ.

ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಸಂರಕ್ಷಣೆ ಮೊದಲಾದ ವಿಷಯಗಳು ಮತ್ತೆ ಮತ್ತೆ ಬರುತ್ತವೆ. ಅಂಗಡಿಯ ಪ್ರಬಂಧಸಂಗ್ರಹಗಳಲ್ಲಿ ಉತ್ತರಗಳು ಸಿದ್ಧವಾಗಿರುತ್ತವೆ. ಗ್ರಂಥಾಲಯದ ಹೊಸಿಲನ್ನೇ ತುಳಿಯದ ಹುಡುಗಿಯೂ ಅದನ್ನು ಜ್ಞಾನಭಂಡಾರವೆಂದು ಹೊಗಳಿ ಒಳ್ಳೆಯ ಅಂಕಗಳನ್ನು ಪಡೆಯಬಲ್ಲಳು. ಅವಳೇ, ಹಿತ್ತಿಲಲ್ಲಿ ಹಪ್ಪಳ ಒಣಹಾಕಿದ ಅಜ್ಜಿಯು ಕಾಗೆಗಳೊಡನೆ ಹೂಡುವ ಸಮರವನ್ನು ವರ್ಣಿಸಿದರೆ, ಅದರಲ್ಲಿ ಉಪಸಂಹಾರವೆಲ್ಲಿ ಎಂಬ ಪ್ರಶ್ನೆ ಏಳುತ್ತದೆ.

ಕನ್ನಡದಲ್ಲಿ ಮಾದರಿಗಳಿಲ್ಲವೆ? ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ 1930ರಲ್ಲಿಯೂ, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೂ ಹೊರಬಂದವು. ಕಣ್ಣಾರೆ ಕಂಡ ಊರು, ಕಾಡು, ಜನ ಇವೇ ಅವುಗಳ ಬಂಡವಾಳ. ಇಂತಹ ಲೇಖಕರನ್ನು ಪಾಠವಾಗಿ ಓದಿಸಿ, ಬರೆಯುವ ಗಳಿಗೆಯಲ್ಲಿ ಮಾತ್ರ ಮರೆಯಿಸುವುದು ವಿಚಿತ್ರವೇ ಸರಿ.

ತಿದ್ದುವ ಕ್ರಮವನ್ನೂ ನೋಡಬೇಕು. ತಪ್ಪಿದ ಮಹಾಪ್ರಾಣದ ಕೆಳಗೆ ಕೆಂಪು ಗೆರೆ ಬೀಳುತ್ತದೆ, ಬೀಳಲೇಬೇಕು. ಒಂದು ವಾಕ್ಯದಿಂದ ಮುಂದಿನ ವಾಕ್ಯವು ಹೇಗೆ ಹೊರಟಿತೆಂದು ಕೇಳುವವರು ವಿರಳ. ಪುಸ್ತಕಗಳ ಕಟ್ಟನ್ನು ಮನೆಗೆ ಹೊತ್ತೊಯ್ಯುವ ಉಪಾಧ್ಯಾಯರನ್ನು ಇದಕ್ಕಾಗಿ ದೂರುವುದು ಅನ್ಯಾಯ. ತಿಂಗಳಿಗೆ ನಾಲ್ಕು ಪ್ರಬಂಧಗಳ ಬದಲು ಒಂದನ್ನೇ ಎರಡು ಸಲ ಬರೆಯಿಸಿದರೆ ಅವರ ಹೊರೆಯೂ ಇಳಿಯುವುದು. ಮೊದಲ ಬರಹದ ಅಂಚಿನಲ್ಲಿ ‘ನೀನು ಕಂಡದ್ದೇನು?’ ಎಂದು ಬರೆಯಲು ಬಿಡುವೂ ದೊರೆಯುವುದು.