ಹೆಸರು ಓದಲು ಬಾರದ ಕಲ್ಲು

ಸ್ಕಾಟ್ಲೆಂಡಿನ ಪಿಕ್ಟ್ ಜನರ ಕೆತ್ತನೆಯ ಕಲ್ಲುಗಳ ಬಗ್ಗೆ ಬರೆಯುವವರು 'ರಹಸ್ಯ' ಎಂಬ ಪದವಿಲ್ಲದೆ ಒಂದು ಪುಟ ದಾಟುವುದಿಲ್ಲ. ನಮ್ಮ ತಕರಾರು ಈ ಪದದ ಬಗ್ಗೆಯೇ. ಅರ್ಧಚಂದ್ರ, ಅದರ ಮೇಲೆ ಮುರಿದ ಬಾಣ, ಜೋಡಿ ಬಿಲ್ಲೆ, ಹಾವು, ಸಾಲ್ಮನ್ ಮೀನು, ಕನ್ನಡಿ ಮತ್ತು ಬಾಚಣಿಗೆ, ಸೊಂಡಿಲಿನಂಥ ಮೂತಿಯ ಒಂದು ವಿಚಿತ್ರ ಮೃಗ. ಇವೇ ಚಿಹ್ನೆಗಳು ಆ ದೇಶದ ಉತ್ತರ ಮತ್ತು ಪೂರ್ವ ಭಾಗದ ಕಲ್ಲುಗಳಲ್ಲಿ, ಹೆಚ್ಚಾಗಿ ಜೋಡಿಯಾಗಿ, ಮತ್ತೆ ಮತ್ತೆ ಬರುತ್ತವೆ. ಬಚ್ಚಿಡಬೇಕೆಂದವರು ಬಯಲಲ್ಲಿ ಆಳೆತ್ತರದ ಕಲ್ಲು ನಿಲ್ಲಿಸಿ ಕೆತ್ತುತ್ತಾರೆಯೆ? ಅಂದಿನವರಿಗೆ ಅದು ಅರ್ಥವಾಗುತ್ತಿತ್ತು. ಬಲ್ಲವರು ಇಲ್ಲವಾದರು, ಅಷ್ಟೆ. ಉರ್ದು ಬಾರದ ನಮ್ಮ ಗೆಳೆಯರಿಗೆ ಖಬರಸ್ತಾನದ ಗೋರಿಕಲ್ಲಿನ ಬರಹ ಬಳ್ಳಿಯ ಚಿತ್ತಾರದಂತೆ ಕಾಣುತ್ತದೆ; ಅಲ್ಲಿರುವುದು ನಮ್ಮ ಅಜ್ಜನ ಹೆಸರು.

ಪಿಕ್ಟ್ ಎಂಬ ಹೆಸರೂ ಹೊರಗಿನವರು ಬರೆದಿಟ್ಟದ್ದು. ಕ್ರಿ.ಶ. 297ರ ಲ್ಯಾಟಿನ್ ಬರಹವೊಂದರಲ್ಲಿ ಅದು ಮೊದಲು ಕಾಣುತ್ತದೆ. ಮೈಗೆ ಬಣ್ಣ ಬಳಿದವರು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಅವರ ಭಾಷೆ ಮುಂದೆ ಗೇಲಿಕ್ ಭಾಷೆಯೊಳಗೆ ಕರಗಿಹೋಯಿತು.

2010ರಲ್ಲಿ ರಾಬ್ ಲೀ ಮತ್ತು ಸಂಗಡಿಗರು ಚಿಹ್ನೆಗಳ ಕ್ರಮವನ್ನು ಗಣಿತದಿಂದ ಅಳೆದು ಇದು ಭಾಷೆಯ ಬರಹವೇ ಎಂದರು. ಆಗಲಿ, ಆದರೆ ಅದರಿಂದ ಒಂದು ಪದವನ್ನೂ ಓದಲಾಗಲಿಲ್ಲ. ಜೋಡಿ ಚಿಹ್ನೆಗಳು ವ್ಯಕ್ತಿಗಳ ಹೆಸರು ಎನ್ನುವವರ ವಾದ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕನ್ನಡಿ, ಬಾಚಣಿಗೆ ಕಂಡಲ್ಲೆಲ್ಲ 'ಹೆಂಗಸು' ಎಂದು ತೀರ್ಪು ಕೊಡುವವರ ಅವಸರ ಮಾತ್ರ ಒಪ್ಪಿಗೆಯಿಲ್ಲ. ಆ ಕಾಲದ ಗಂಡಸರು ತಲೆ ಬಾಚುತ್ತಿರಲಿಲ್ಲವೆ?

ಆದರೂ ಅವರ ಪರವಾಗಿ ಸಾಕ್ಷಿ ಹೇಳುವ ಒಂದು ಕಲ್ಲಿದೆ. ಹಿಲ್ಟನ್ ಆಫ್ ಕ್ಯಾಡ್‌ಬಾಲ್ ಎಂಬಲ್ಲಿಯದು, ಸುಮಾರು ಕ್ರಿ.ಶ. 800ರದು. ಬೇಟೆಯ ಗದ್ದಲದ ನಡುವೆ ಕುದುರೆಯ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ಹೆಣ್ಣು; ಪಕ್ಕದಲ್ಲೇ ಕನ್ನಡಿ, ಬಾಚಣಿಗೆ. ಇನ್ನೊಂದು ಮುಖದಲ್ಲಿ ಶಿಲುಬೆಯಿತ್ತು. 17ನೆಯ ಶತಮಾನದಲ್ಲಿ ಅದನ್ನು ಉಳಿಯಿಂದ ಕೆತ್ತಿ ತೆಗೆದು, ಅಲೆಕ್ಸಾಂಡರ್ ಡಫ್ ಮತ್ತು ಅವನ ಮೂವರು ಹೆಂಡತಿಯರ ಗೋರಿಬರಹ ಮೂಡಿಸಿದರು, 1676 ಎಂಬ ಇಸವಿ ಸಹಿತ. ಆ ಸಾಲನ್ನು ಇಂದಿಗೂ ಓದಬಹುದು. ಅದು ಗಂಡನನ್ನು ಹೆಸರಿಸುತ್ತದೆ, ಹೆಂಡತಿಯರನ್ನು ಎಣಿಸುತ್ತದೆ. ಹಿಂಬದಿಯ ಕುದುರೆ ಸವಾರಳಿಗೆ ಬಹುಶಃ ಹೆಸರಿದೆ. ಓದಲು ನಮಗೆ ಬಾರದು.

1921ರಲ್ಲಿ ಈ ಕಲ್ಲನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಾಗ ಸ್ಕಾಟರು ಗಲಾಟೆ ಮಾಡಿ ಎಡಿನ್‌ಬರೋಗೆ ತರಿಸಿಕೊಂಡರು. 2001ರಲ್ಲಿ ಊರಲ್ಲಿ ಅಗೆದಾಗ ಕಲ್ಲಿನ ಮುರಿದ ಬುಡ ಸಿಕ್ಕಿತು, ಜೊತೆಗೆ ಕೆತ್ತಿ ಹಾಕಿದ ಶಿಲುಬೆಯ ಸಾವಿರಾರು ಚೂರುಗಳು.