ಕೊಡೆಯಂತೆ ಮಡಚುವ ಗಾಡಿ

ಪುಟ್ಟ ಮಗುವಿನೊಂದಿಗೆ ವಿದೇಶಕ್ಕೆ ಹೊರಟವರು ಸ್ಟ್ರಾಲರ್ ಆರಿಸುವಾಗ ಬಣ್ಣ ನೋಡುತ್ತಾರೆ, ಮೆತ್ತೆ ಒತ್ತಿ ನೋಡುತ್ತಾರೆ. ನೋಡಬೇಕಾದ್ದು ಅದರ ಬೆನ್ನನ್ನು!

ಅಲ್ಲಿರುವ ಕತ್ತರಿಯಾಕಾರದ ಅಡ್ಡಪಟ್ಟಿಗಳು ಇಂಗ್ಲೆಂಡಿನ ಓವನ್ ಮೆಕ್ಲಾರೆನ್ ಅವರ ಜಾಣ್ಮೆ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರವ್ಯವಸ್ಥೆಗೆ ದುಡಿದಿದ್ದ ಎಂಜಿನಿಯರ್ ಅವರು. ಮಾಸ್ಕೋದಿಂದ ಮೊಮ್ಮಗುವಿನೊಂದಿಗೆ ಬಂದ ಮಗಳು ಭಾರದ ಗಾಡಿಯೊಡನೆ ಹೆಣಗುವುದನ್ನು ಕಂಡು, 1965ರಲ್ಲಿ ಹಗುರ ಅಲ್ಯೂಮಿನಿಯಂ ಕೊಳವೆಗಳ ಗಾಡಿ ರೂಪಿಸಿದರು. ತೂಕ ಮೂರು ಕಿಲೋ ಕೂಡ ಇರಲಿಲ್ಲ.

ಈ ಬಗೆಯ ಗಾಡಿ ಮಡಚಿಕೊಳ್ಳುವ ಚೆಂದ ಕಾಣಲು ತುಸು ಬಗ್ಗಬೇಕು. ಕೆಳಗಿನ ಕೊಂಡಿಯನ್ನು ಕಾಲಿನಿಂದ ಬಿಡಿಸಿ, ಹಿಡಿಕೆಗಳನ್ನು ಮುಂದಕ್ಕೆ ತಳ್ಳಿದರೆ ಸಾಕು. ಕತ್ತರಿಗಳು ಮುಚ್ಚಿ, ಬಟ್ಟೆಯ ಸೀಟು ಮಡಿಕೆಯಾಗಿ ಒಳಗೆ ಅಡಗಿ, ಕೊಳವೆಗಳೆಲ್ಲ ಒಂದೇ ಕಟ್ಟಾಗುತ್ತವೆ. ಮೋಟರಿಲ್ಲ, ಸಲಕರಣೆ ಬೇಕಿಲ್ಲ. ಕಂಕುಳಲ್ಲಿ ಮಗು ಇದ್ದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ಮಡಚಿದ ಗಾಡಿಯ ಉದ್ದವೊಂದೇ ತೊಡಕು. ಅದಕ್ಕೆ ಫ್ರಾನ್ಸಿನ ಯೋಯೋ ಎಂಬ ಸ್ಟ್ರಾಲರ್ ಉತ್ತರ ಕೊಟ್ಟಿತು: ಮಡಚಿದರೆ 52×44×18 ಸೆಂ.ಮೀ. ಹಲವು ವಿಮಾನಗಳಲ್ಲಿ ತಲೆಯ ಮೇಲಿನ ಲಗೇಜ್ ಗೂಡಿಗೇ ಸೇರುತ್ತದೆ. ನಿಯಮ ವಿಮಾನ ಕಂಪನಿಗೊಂದು ಥರ, ಮೊದಲೇ ಕೇಳಿಕೊಳ್ಳುವುದು ಕ್ಷೇಮ.